ಚಿತ್ರದಲ್ಲಿರುವ ಆಳಸಮುದ್ರದ ಐಸೊಪಾಡ್: ಅದರ ಅಂಗರಚನೆ, ಅದು ಸಿಗುವ ಸಮುದ್ರಗಳು

ನಮಸ್ಕಾರ. ಕೊಲ್ಲಂ ಕಡೆಯಿಂದ ಆಳಸಮುದ್ರದ ಸಿಗಡಿಗೆ ಹೋಗುವ ಬೋಟಿನಲ್ಲಿ ಕೆಲಸ ಮಾಡುವ ನಿಮ್ಮ ಭಾವ ಕಳಿಸಿದ ಚಿತ್ರವನ್ನು ಗುಂಪಿನಲ್ಲಿ ಹಾಕಿ ನೀವು ಮೂರು ವಿಷಯ ಕೇಳಿದ್ದೀರಿ: ಚಪ್ಪಲಿಯಷ್ಟು ಉದ್ದದ ಈ ಜೀವಿ ಯಾವುದು, ವಿಡಿಯೋಗಳಲ್ಲಿ ತೋರಿಸುವ ಮೆಕ್ಸಿಕೋ ಕೊಲ್ಲಿಯ ದೈತ್ಯ ಐಸೊಪಾಡ್ ಇದೇನಾ, ಮತ್ತು ಇದನ್ನು ಮನೆಯ ಅಕ್ವೇರಿಯಂನಲ್ಲಿ ಸಾಕಬಹುದೇ. ಮೇಲಿನ ಉತ್ತರಗಳಲ್ಲಿ ಹಲವರು ‘ಬ್ಯಾಥಿನೋಮಸ್ ಜೈಗ್ಯಾಂಟಿಯಸ್’ ಎಂದು ಹೆಸರಿಟ್ಟು ಮುಗಿಸಿದ್ದಾರೆ. ಬ್ಯಾಥಿನೋಮಸ್ ಎಂಬ ಕುಲದ ಹೆಸರು ಸರಿಯಾಗಿದೆ. ಜೈಗ್ಯಾಂಟಿಯಸ್ ಎಂಬ ಪ್ರಭೇದದ ಹೆಸರನ್ನು ನಮ್ಮ ಸಮುದ್ರದ ಜೀವಿಗೆ ಇಡಬಾರದು. ಏಕೆಂಬುದು ಅದರ ದೇಹವನ್ನು ನೋಡುತ್ತಾ ಹೋದರೆ ತಾನಾಗಿಯೇ ತಿಳಿಯುತ್ತದೆ.

ಹೂಕುಂಡವನ್ನು ಎತ್ತಿದಾಗ ತೇವದ ಮಣ್ಣಿನಲ್ಲಿ ಕಾಣುವ, ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಬೂದುಬಣ್ಣದ ಹುಳುವನ್ನು ನೀವೆಲ್ಲ ಕಂಡಿದ್ದೀರಿ. ಅದು ಕೀಟವಲ್ಲ, ಏಡಿ, ಸಿಗಡಿಗಳಂತೆ ಕಠಿಣಚರ್ಮಿ, ಅದರಲ್ಲಿಯೂ ಐಸೊಪಾಡ್ ಗಣಕ್ಕೆ ಸೇರಿದ್ದು. ಬ್ಯಾಥಿನೋಮಸ್ ಅದೇ ಗಣದ, ಸಿರೊಲಾನಿಡೇ ಎಂಬ ಕುಟುಂಬದ ಜೀವಿ. ಈ ಕುಲದಲ್ಲಿ ಈಗ ಸುಮಾರು 20 ಪ್ರಭೇದಗಳಿವೆ. ಬೆಳೆದಾಗ 8ರಿಂದ 15 ಸೆಂ.ಮೀ. ಆಗುವವನ್ನು ದೈತ್ಯ ಎಂದೂ, ಅದಕ್ಕಿಂತ ದೊಡ್ಡದಾಗಿ 50 ಸೆಂ.ಮೀ.ವರೆಗೆ ಬೆಳೆಯುವವನ್ನು ಮಹಾದೈತ್ಯ ಎಂದೂ ತಜ್ಞರು ಎರಡು ಗುಂಪು ಮಾಡಿಕೊಂಡಿದ್ದಾರೆ.

ಕೆಲವು ವರ್ಷಗಳ ಹಿಂದೆ ಒಂದು ಮೀನುಗಾರಿಕಾ ದಕ್ಕೆಯಲ್ಲಿ ಕೆಂಪು ಸಿಗಡಿಯ ರಾಶಿಯ ನಡುವೆ, ಐಸಿನಲ್ಲಿ ಹೂತುಹೋಗಿದ್ದ ಒಂದನ್ನು ಕೈಗೆತ್ತಿಕೊಂಡು ನೋಡುವ ಅವಕಾಶ ನನಗೆ ಸಿಕ್ಕಿತ್ತು. ಬೆನ್ನಿನ ಫಲಕಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಕೂತಿದ್ದವು. ಬೆರಳಿನಿಂದ ಮುಂದಿನಿಂದ ಹಿಂದಕ್ಕೆ ಸವರಿದರೆ ನುಣುಪು, ಹಿಂದಿನಿಂದ ಮುಂದಕ್ಕೆ ಸವರಿದರೆ ಪ್ರತಿ ಫಲಕದ ಅಂಚೂ ಉಗುರಿಗೆ ತಾಗುತ್ತಿತ್ತು. ಹಿಂಭಾಗದ ಅರ್ಧ ದೇಹ ಎಳೆಯ ಗುಲಾಬಿ ಬಣ್ಣಕ್ಕಿದ್ದು ಒತ್ತಿದರೆ ಮೆತ್ತಗಿತ್ತು, ಮುಂಭಾಗ ಮಾತ್ರ ಗಟ್ಟಿಯಾಗಿ ಮಾಸಲು ಕಂದಾಗಿತ್ತು. ಬೋಟಿನವರು ಅದನ್ನು ಕೊಳೆತದ್ದೆಂದು ತಿಳಿದಿದ್ದರು. ವಾಸ್ತವದಲ್ಲಿ ಅದು ಪೊರೆ ಕಳಚುವ ನಡುವೆಯೇ ಬಲೆಗೆ ಬಿದ್ದಿತ್ತು. ಐಸೊಪಾಡ್‌ಗಳು ಏಡಿಯ ಹಾಗೆ ಇಡೀ ಚಿಪ್ಪನ್ನು ಒಮ್ಮೆಲೇ ಬಿಡುವುದಿಲ್ಲ. ಮೊದಲು ಹಿಂದಿನ ಅರ್ಧ, ಅದಾದ ಮೇಲೆ ಮುಂದಿನ ಅರ್ಧ. ಇದರಿಂದ ಇಡೀ ದೇಹ ಒಟ್ಟಿಗೆ ಮೆತ್ತಗಾಗುವ ಅಪಾಯ ತಪ್ಪುತ್ತದೆ.

ತಲೆಯ ಹಿಂದೆ ಎದೆಯ ಏಳು ಖಂಡಗಳು, ಪ್ರತಿಯೊಂದಕ್ಕೆ ಒಂದು ಜೊತೆ ಕಾಲು, ಒಟ್ಟು ಹದಿನಾಲ್ಕು ಕಾಲು. ಮೊದಲ ಮೂರು ಜೊತೆ ಗಿಡ್ಡವಾಗಿ, ಬಲವಾಗಿ, ತುದಿಯಲ್ಲಿ ಬಾಗಿ, ಆಹಾರವನ್ನು ಹಿಡಿದು ಬಾಯಿಗೆ ಒತ್ತಲು ಹೊಂದಿಕೊಂಡಿವೆ. ಉಳಿದ ನಾಲ್ಕು ಜೊತೆ ನಡೆಯುವ ಕಾಲುಗಳು. ನಮ್ಮ ಕರಾವಳಿಯ ಮೀನುಗಳ ಬಾಯಿಯಲ್ಲಿ, ಕಿವಿರಿನಲ್ಲಿ ಅಂಟಿಕೊಂಡಿರುವ ಎರಡು ಮೂರು ಸೆಂ.ಮೀ. ಉದ್ದದ ಪರಾವಲಂಬಿ ಐಸೊಪಾಡ್‌ಗಳನ್ನು ಕೆಲವರು ಇದರ ಮರಿ ಎಂದು ಭಾವಿಸುತ್ತಾರೆ. ಆದರೆ ಬೆಳೆದ ಆ ಪರಾವಲಂಬಿಗೆ ಏಳೂ ಜೊತೆ ಕಾಲುಗಳು ಕೊಕ್ಕೆಗಳೇ ಆಗಿರುತ್ತವೆ. ಮಗುಚಿ ಹಾಕಿ ಕಾಲು ನೋಡಿದರೆ ಸಾಕು, ಗೊಂದಲ ಉಳಿಯುವುದಿಲ್ಲ.

ನೀವು ಹಾಕಿದ ಚಿತ್ರದಲ್ಲಿ ಫ್ಲ್ಯಾಶ್ ಬಿದ್ದು ಬೆಳ್ಳಗೆ ಹೊಳೆಯುತ್ತಿರುವ ಎರಡು ತ್ರಿಕೋನಗಳು ಅದರ ಕಣ್ಣುಗಳು. ಏಡಿಯ ಕಣ್ಣಿನಂತೆ ಅವು ಕಡ್ಡಿಯ ಮೇಲೆ ನಿಂತಿಲ್ಲ, ತಲೆಯಲ್ಲಿಯೇ ಹುದುಗಿವೆ. ಜೈಗ್ಯಾಂಟಿಯಸ್ ಪ್ರಭೇದದಲ್ಲಿ ಒಂದೊಂದು ಕಣ್ಣಿಗೆ ಸುಮಾರು 4000 ಮುಖಗಳಿದ್ದು, ಹಿಂದೆ ಬೆಕ್ಕಿನ ಕಣ್ಣಿನಲ್ಲಿರುವಂತಹ ಬೆಳಕನ್ನು ಮರಳಿಸುವ ಪದರವೊಂದಿದೆ. ಸೂರ್ಯನ ಬೆಳಕು ತಲುಪದ ಕಡೆ ಕಣ್ಣಿಗಿಂತ ಹೆಚ್ಚಿನ ಕೆಲಸ ಮಾಡುವುದು ಎರಡು ಜೊತೆ ಕುಡಿಮೀಸೆಗಳು. ಅವುಗಳಲ್ಲಿ ಒಂದು ಜೊತೆ ಚಿಕ್ಕದು, ಇನ್ನೊಂದು ಬೆನ್ನಿನ ಮೇಲೆ ಹಿಂದಕ್ಕೆ ಚಾಚುವಷ್ಟು ಉದ್ದ.

ಹೊಟ್ಟೆಯ ಭಾಗದ ಕೆಳಗೆ ಐದು ಜೊತೆ ಎಲೆಯಾಕಾರದ ಅವಯವಗಳಿವೆ. ಈಜುವುದೂ ಅವುಗಳಿಂದಲೇ, ಉಸಿರಾಡುವುದೂ ಅವುಗಳಿಂದಲೇ. ಅವುಗಳ ಬುಡದಲ್ಲಿ ಕವಲೊಡೆದ ಮೃದುವಾದ ಕಿವಿರುಗುಚ್ಛಗಳಿರುವುದು ಈ ಕುಲದ ವಿಶೇಷ. ಇಷ್ಟು ದೊಡ್ಡ ದೇಹಕ್ಕೆ ಚಪ್ಪಟೆ ಎಲೆಯಷ್ಟರಿಂದಲೇ ಆಮ್ಲಜನಕ ಸಾಲದು. ದೇಹದ ಕೊನೆಯಲ್ಲಿ ಅಗಲವಾದ ಬಾಲಫಲಕ, ಅದರ ಅಂಚಿನಲ್ಲಿ ಮುಳ್ಳುಗಳ ಸಾಲು. ಪ್ರಭೇದವನ್ನು ಗುರುತಿಸುವಾಗ ಮೊದಲು ಕೈಹಾಕುವುದೇ ಈ ಮುಳ್ಳುಗಳಿಗೆ. ಜಪಾನಿನ ಡೊಡರ್ಲೈನಿ ಎಂಬ ಪ್ರಭೇದದಲ್ಲಿ ಸಾಮಾನ್ಯವಾಗಿ 7, ಅಟ್ಲಾಂಟಿಕ್‌ನ ಜೈಗ್ಯಾಂಟಿಯಸ್‌ನಲ್ಲಿ 11 ಅಥವಾ 13. ಮುಳ್ಳು ನೇರವೇ, ಮೇಲಕ್ಕೆ ಬಾಗಿದೆಯೇ ಎಂಬುದನ್ನೂ ನೋಡಬೇಕು. ನಿಮ್ಮ ಚಿತ್ರದಲ್ಲಿ ಬಾಲದ ಅಂಚು ಚಪ್ಪಲಿಯ ನೆರಳಿನಲ್ಲಿ ಮರೆಯಾಗಿರುವುದರಿಂದ ಚಿತ್ರವೊಂದನ್ನೇ ನಂಬಿ ಪ್ರಭೇದವನ್ನು ಹೇಳುವ ಧೈರ್ಯ ನಾನು ಮಾಡುವುದಿಲ್ಲ.

ಇನ್ನು ಎಲ್ಲಿಯದು ಎಂಬ ಪ್ರಶ್ನೆ. ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಆಲ್ಫೋನ್ಸ್ ಮಿಲ್ನ್-ಎಡ್ವರ್ಡ್ಸ್ 1879ರಲ್ಲಿ ಈ ಕುಲವನ್ನು ಮೊದಲು ವರ್ಣಿಸಿದ್ದು ಮೆಕ್ಸಿಕೋ ಕೊಲ್ಲಿಯ ಆಳದಿಂದ ಎತ್ತಿದ ಒಂದು ಎಳೆಯ ಗಂಡಿನಿಂದ. ಜೈಗ್ಯಾಂಟಿಯಸ್ ಎಂಬ ಹೆಸರು ಆಗ ಬಂತು. ಅದಾಗಿ ಹನ್ನೆರಡು ವರ್ಷಕ್ಕೆ, ‘ಇನ್ವೆಸ್ಟಿಗೇಟರ್’ ಎಂಬ ಸಮೀಕ್ಷಾ ಹಡಗು ಭಾರತದ ಸಮುದ್ರದಲ್ಲಿ ಎತ್ತಿದ ಜೀವಿಯನ್ನು ವುಡ್-ಮೇಸನ್ ಮತ್ತು ಆಲ್ಕಾಕ್ ಎಂಬ ಪ್ರಾಣಿಶಾಸ್ತ್ರಜ್ಞರು ವರದಿ ಮಾಡಿದರು. ಹೋಲಿಸಿ ನೋಡಲು ಬೇರೆ ಮಾದರಿಗಳು ಹೆಚ್ಚಿಲ್ಲದ ಆ ಕಾಲದಲ್ಲಿ ಅದಕ್ಕೂ ಜೈಗ್ಯಾಂಟಿಯಸ್ ಎಂದೇ ಹೆಸರಾಯಿತು. 1908ರಲ್ಲಿ ಲಾಯ್ಡ್ ಅವರು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಪ್ರಕಟಣೆಯಲ್ಲಿ ಇದರ ಅಂಗರಚನೆಯನ್ನು ವಿವರವಾಗಿ ಬರೆದಾಗಲೂ ಅದೇ ಹೆಸರು ಮುಂದುವರಿಯಿತು. ಈ ಜೀವಿಯ ದೇಹದ ಒಳರಚನೆಯ ಬಗ್ಗೆ ಅಷ್ಟು ಹಿಂದೆಯೇ ನಮ್ಮ ದೇಶದಲ್ಲಿ ಬರಹ ಪ್ರಕಟವಾಗಿತ್ತು ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. 2006ರಲ್ಲಿ ಲೌರಿ ಮತ್ತು ಡೆಂಪ್ಸಿ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್‌ನ ಮಾದರಿಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಭಾರತದ ಸಮುದ್ರದ ಜೀವಿ ಬೇರೆಯೇ ಪ್ರಭೇದವೆಂದು ಕಂಡು ಬ್ಯಾಥಿನೋಮಸ್ ಕೀಬ್ಲೆಯಿ ಎಂದು ಹೆಸರಿಸಿದರು. ನಿಮ್ಮ ಚಿತ್ರದಲ್ಲಿರುವುದು ಅದೇ ಆಗಿರುವ ಸಾಧ್ಯತೆ ಹೆಚ್ಚು.

ಇಂತಹ ಬೇರ್ಪಡೆ ಇನ್ನೂ ನಡೆಯುತ್ತಿದೆ. 2018ರಲ್ಲಿ ಜಾವಾದ ದಕ್ಷಿಣಕ್ಕೆ 950ರಿಂದ 1260 ಮೀಟರ್ ಆಳದಲ್ಲಿ ಸಿಕ್ಕ ಪ್ರಭೇದಕ್ಕೆ 2020ರಲ್ಲಿ ಬ್ಯಾಥಿನೋಮಸ್ ರಾಕ್ಷಸ ಎಂದು ಹೆಸರಿಟ್ಟರು. ಇಂಡೋನೇಷ್ಯಾದ ಭಾಷೆಯ ಆ ಪದಕ್ಕೆ ದೈತ್ಯ ಎಂದರ್ಥ, ಸಂಸ್ಕೃತದಿಂದ ಅಲ್ಲಿಗೆ ಹೋದ ಪದ ಅದು. ಜಪಾನಿನ ಒಂದು ಅಕ್ವೇರಿಯಂನಲ್ಲಿ ಜೈಗ್ಯಾಂಟಿಯಸ್ ಎಂದೇ ಇಟ್ಟುಕೊಂಡಿದ್ದ, ಮೆಕ್ಸಿಕೋದ ಯುಕಟಾನ್ ಪರ್ಯಾಯದ್ವೀಪದ ಕಡೆಯಿಂದ ತಂದ ಜೀವಿ ಬೇರೆ ಪ್ರಭೇದವೆಂದು 2022ರಲ್ಲಿ ತಿಳಿಯಿತು. 2025ರಲ್ಲಿ ವಿಯೆಟ್ನಾಂನಿಂದ ವಾಡೆರಿ ಎಂಬ ಇನ್ನೊಂದು ಸೇರಿತು, ಅದೂ ಮೀನುಗಾರರಿಂದ ಕೊಂಡ ಮಾದರಿಗಳಿಂದ.

ಒಂದೇ ರೀತಿ ಕಾಣುವ ಇಷ್ಟೊಂದು ಪ್ರಭೇದಗಳು ಬೇರೆ ಬೇರೆ ಸಮುದ್ರಗಳಲ್ಲಿ ಏಕಿವೆ ಎಂಬುದಕ್ಕೆ ಕಾರಣ ಹೆಣ್ಣಿನ ಎದೆಯ ಕೆಳಗಿನ ಮರಿಚೀಲದಲ್ಲಿದೆ. ಏಡಿ, ಸಿಗಡಿಗಳ ಲಾರ್ವಾಗಳು ವಾರಗಟ್ಟಲೆ ನೀರಿನಲ್ಲಿ ತೇಲಿ ದೂರ ಸಾಗುತ್ತವೆ. ಬ್ಯಾಥಿನೋಮಸ್‌ಗೆ ಅಂತಹ ಹಂತವೇ ಇಲ್ಲ. ಜೈಗ್ಯಾಂಟಿಯಸ್‌ನ ಮೊಟ್ಟೆ 13 ಮಿ.ಮೀ.ವರೆಗೆ ಇದ್ದು, ಸಮುದ್ರದ ಅಕಶೇರುಕಗಳಲ್ಲಿಯೇ ಅತಿ ದೊಡ್ಡ ಮೊಟ್ಟೆಗಳಲ್ಲಿ ಒಂದು. ಮರಿಗಳು ಚೀಲದೊಳಗೇ ಬೆಳೆದು, ಕೊನೆಯ ಜೊತೆ ಕಾಲು ಮಾತ್ರ ಮೂಡದ ಪುಟ್ಟ ಐಸೊಪಾಡ್‌ಗಳಾಗಿ ಹೊರಬಂದು ಹತ್ತಿರದ ತಳದಲ್ಲಿಯೇ ಬದುಕು ಆರಂಭಿಸುತ್ತವೆ. ಹೀಗಿರುವಾಗ ಒಂದು ಸಾಗರದಿಂದ ಇನ್ನೊಂದಕ್ಕೆ ದಾಟುವುದು ಸುಲಭವಲ್ಲ. ಪಶ್ಚಿಮ ಅಟ್ಲಾಂಟಿಕ್, ಹಿಂದೂ ಮಹಾಸಾಗರ, ಪಶ್ಚಿಮ ಪೆಸಿಫಿಕ್‌ಗಳಲ್ಲಿ ಈ ಕುಲವಿದೆ. ಅಟ್ಲಾಂಟಿಕ್ ಮತ್ತು ಪೆಸಿಫಿಕ್‌ಗಳ ಪೂರ್ವ ಅಂಚಿನಲ್ಲಿ ಇದು ದಾಖಲಾಗಿಲ್ಲ.

ಆಳದ ಮಾತಿಗೆ ಬಂದರೆ, ಜೈಗ್ಯಾಂಟಿಯಸ್ ಸುಮಾರು 310ರಿಂದ 2140 ಮೀಟರ್‌ವರೆಗೆ ಸಿಕ್ಕಿದೆ. ಮಲ್ಪೆ, ಮಂಗಳೂರಿನ ಹೆಚ್ಚಿನ ಬೋಟುಗಳು ಬಲೆ ಎಳೆಯುವುದು ಅದಕ್ಕಿಂತ ಕಡಿಮೆ ನೀರಿನಲ್ಲಿ, ಖಂಡದ ಅಂಚಿನ ಒಳಗೆ. ಅದರಿಂದಲೇ ನಮ್ಮ ದಕ್ಕೆಗಳಲ್ಲಿ ಇಂತಹ ಜೀವಿ ಕಾಣುವುದು ಅಪರೂಪ.

ಸಾಕುವ ವಿಚಾರದಲ್ಲಿ ದಯವಿಟ್ಟು ಮುಂದುವರಿಯಬೇಡಿ ಎಂದೇ ಕೇಳಿಕೊಳ್ಳುತ್ತೇನೆ. ಮೀನಿನಂತೆ ಗಾಳಿಚೀಲ ಇಲ್ಲದ ಕಾರಣ ಒತ್ತಡ ಇಳಿದರೂ ಇದು ಬದುಕಬಲ್ಲದು, ಆದರೆ ನೀರು ಫ್ರಿಜ್ಜಿನೊಳಗಿನಷ್ಟು ತಣ್ಣಗೆ ಸದಾ ಇರಬೇಕು. ಬೋಟಿನ ಡೆಕ್ಕಿನ ಬಿಸಿಲಿಗೆ ಬರುವ ಹೊತ್ತಿಗೇ ಬಹುತೇಕ ಸತ್ತಿರುತ್ತದೆ. ಮೇಲಾಗಿ ಅದು ಆರೋಗ್ಯವಾಗಿದೆಯೇ ಎಂದು ಆಹಾರದಿಂದ ಅಳೆಯಲೂ ಆಗುವುದಿಲ್ಲ. ಜಪಾನಿನ ಟೋಬಾ ಅಕ್ವೇರಿಯಂನಲ್ಲಿದ್ದ 29 ಸೆಂ.ಮೀ.ನ ಒಂದು ಜೀವಿ 2009ರ ಜನವರಿ 2ರಂದು ಕೊನೆಯದಾಗಿ ತಿಂದು, 2014ರ ಫೆಬ್ರವರಿ 14ರಂದು ಸಾಯುವವರೆಗೆ, ಐದು ವರ್ಷಕ್ಕೂ ಹೆಚ್ಚು ಕಾಲ, ಕೊಟ್ಟದ್ದನ್ನು ಮುಟ್ಟಲಿಲ್ಲ. ತಳಕ್ಕೆ ಯಾವಾಗಲೋ ಬೀಳುವ ಹೆಣಕ್ಕಾಗಿ ಕಾಯುವ ದೇಹ ಅದು. ಮೆಕ್ಸಿಕೋ ಕೊಲ್ಲಿಯ ತಳಕ್ಕೆ ಸಂಶೋಧಕರು ಸತ್ತ ಮೊಸಳೆ ಜಾತಿಯ ಅಲಿಗೇಟರ್ ಇಳಿಸಿದಾಗ ಒಂದು ದಿನದೊಳಗೆ ಈ ಐಸೊಪಾಡ್‌ಗಳು ಅದರೊಳಗೆ ಹೊಕ್ಕು ತಿನ್ನುತ್ತಿದ್ದವು.

ಸಾಕುವುದಕ್ಕಿಂತ ಹೆಚ್ಚು ಉಪಯುಕ್ತವಾದ ಕೆಲಸ ನಿಮ್ಮ ಭಾವನಿಂದ ಆಗಬಹುದು. ಮತ್ತೊಮ್ಮೆ ಸಿಕ್ಕಿದರೆ ಸ್ಕೇಲ್ ಇಟ್ಟು ಬೆನ್ನಿನ ಕಡೆಯಿಂದ ಒಂದು, ಮಗುಚಿ ಒಂದು, ಬಾಲಫಲಕದ ಅಂಚನ್ನು ತುಂಬಾ ಹತ್ತಿರದಿಂದ ಒಂದು ಚಿತ್ರ ತೆಗೆಯಲಿ. ಬಲೆ ಬಿಟ್ಟ ಜಾಗದ ಜಿಪಿಎಸ್ ಅಂಕಿ ಮತ್ತು ಆಳವನ್ನು ಬೋಟು ನಡೆಸುವ ತಾಂಡೇಲರಿಂದ ಕೇಳಿ ಬರೆದುಕೊಳ್ಳಲಿ. ಮಾರುಗಳಲ್ಲಿ ಹೇಳಿದರೂ ಸರಿ, ಒಂದು ಮಾರಿಗೆ 1.83 ಮೀಟರ್ ಎಂದು ನಾವು ಲೆಕ್ಕ ಹಾಕಿಕೊಳ್ಳಬಹುದು. ಫಾರ್ಮಲಿನ್‌ನಲ್ಲಿ ಹಾಕುವುದು ಬೇಡ, ಅದರಿಂದ ಡಿಎನ್‌ಎ ಕೆಡುತ್ತದೆ. ಒಂದು ಕಾಲನ್ನು ಶುದ್ಧ ಎಥನಾಲ್ ಇರುವ ಪುಟ್ಟ ಬಾಟಲಿಗೆ ಹಾಕಿ, ಉಳಿದ ದೇಹವನ್ನು ಬಾಲದ ಮುಳ್ಳು ಮುರಿಯದ ಹಾಗೆ ಬಟ್ಟೆಯಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟು, ಕೊಚ್ಚಿಯಲ್ಲಿರುವ ಸಮುದ್ರಜೀವಿಗಳ ಸಂಶೋಧನಾ ಕೇಂದ್ರ ಸಿಎಂಎಲ್‌ಆರ್‌ಇ ಅಥವಾ ಮಂಗಳೂರಿನಲ್ಲಿ ಕೇಂದ್ರವಿರುವ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐಗೆ ತಿಳಿಸಬಹುದು. ಈ ಸಲದ್ದು ಇನ್ನೂ ಐಸಿನಲ್ಲಿದ್ದರೆ, ಇವತ್ತೇ ಬಾಲದ ಮುಳ್ಳುಗಳನ್ನು ಎಣಿಸಿ ಇಲ್ಲಿ ಬರೆಯಿರಿ.