‘ರನ್’ ಎಂದರೆ ಯಾವಾಗಲೂ ‘ಓಡು’ ಅಲ್ಲ

‘ಶಿ ರನ್ಸ್ ಎ ಹೋಟೆಲ್’ ಎಂಬುದು ನಿಮ್ಮ ಅನುವಾದದಲ್ಲಿ ‘ಅವಳು ಹೋಟೆಲ್ ಓಡುತ್ತಾಳೆ’ ಎಂದಾಗಿರುವುದಕ್ಕೆ, ‘ರನ್’ ಕ್ರಿಯಾಪದಕ್ಕೆ ಒಂದೇ ಅರ್ಥವನ್ನು ಬಾಯಿಪಾಠ ಮಾಡಿಕೊಂಡಿರುವುದೇ ಬಹುಶಃ ಕಾರಣ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಅದಕ್ಕೆ 600ಕ್ಕೂ ಹೆಚ್ಚು ಅರ್ಥಗಳನ್ನು ಕೊಡುತ್ತದೆ, ಅವನ್ನೆಲ್ಲ ಕಲಿಯಬೇಕಾಗಿಲ್ಲ. ಮೊದಲು ಕ್ರಿಯಾಪದದ ನಂತರ ಕರ್ಮಪದ ಇದೆಯೇ ಎಂದು ನೋಡಿ. ಹೋಟೆಲ್, ಶಾಲೆ, ಸಂಘ ಬಂದರೆ ‘ನಡೆಸು’ ಎನ್ನಬೇಕು. ಆದರೆ ಮ್ಯಾರಥಾನ್ ಬಂದಾಗ ಮತ್ತೆ ‘ಓಡು’ ಎಂದೇ ಆಗುವುದರಿಂದ ಈ ಸೂತ್ರವನ್ನು ಪೂರ್ತಿಯಾಗಿ ನಂಬುವಂತಿಲ್ಲ. ಕರ್ಮಪದವಿಲ್ಲದಿದ್ದರೆ ಕರ್ತೃಪದವನ್ನು ಗಮನಿಸಿ: ನೆಗಡಿಯಾದಾಗ ಮೂಗು ಸುರಿಯುವುದು, ಹೊಸ ಸೀರೆಯನ್ನು ನೀರಿಗೆ ಹಾಕಿದೊಡನೆ ಬಣ್ಣ ಬಿಡುವುದು, ರಸ್ತೆಯು ಊರಿನ ನಡುವೆ ಹಾದುಹೋಗುವುದು, ಇಂಗ್ಲಿಷಿನಲ್ಲಿ ಇವೆಲ್ಲವೂ ‘ರನ್’. ಕೊನೆಗೆ ಅದರ ಬೆನ್ನಿಗಿರುವ ಚಿಕ್ಕ ಪದವನ್ನು ಬಿಡಬೇಡಿ. ಮನೆಯಲ್ಲಿ ಅಕ್ಕಿ ಮುಗಿದುಹೋದರೆ ಅದು ‘ರನ್ ಔಟ್’. ನಿಮ್ಮ ವಾಕ್ಯವನ್ನು ‘ಅವಳು ಹೋಟೆಲ್ ನಡೆಸುತ್ತಾಳೆ’ ಎಂದು ತಿದ್ದಿಕೊಳ್ಳಿ.