ಮಾತ್ರೆ ಜಜ್ಜಿ ಕೊಡಬೇಡಿ, ಹಾಸ್ಟೆಲ್ ಮಾತು ಆಮೇಲೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ, ಕೂಡುಕುಟುಂಬ, ಅಡಿಕೆ ತೋಟ. ಮಗನಿಗೆ ಒಂಬತ್ತು ವರ್ಷ. ಒಂದು ಕಡೆ ಕೂರುವುದಿಲ್ಲ, ಸಣ್ಣದಕ್ಕೂ ರಂಪ. ಎರಡು ತಿಂಗಳ ಹಿಂದೆ ಶಿವಮೊಗ್ಗದಲ್ಲಿ ತೋರಿಸಿದಾಗ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂದರು, ಜೊತೆಗೆ ಡಿಎಂಡಿಡಿ (ಸದಾ ಸಿಡಿಮಿಡಿ, ಮತ್ತೆಮತ್ತೆ ಮಿತಿಮೀರಿದ ರಂಪ ಇರುವ ತೊಂದರೆ) ಇರಬಹುದು ಅಂದರು. ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ಎಸ್‌ಆರ್ ಅನ್ನುವ ಮಾತ್ರೆ ಕೊಟ್ಟಿದ್ದಾರೆ. ಅವನಿಗೆ ನುಂಗಲು ಬರುವುದಿಲ್ಲ, ಅತ್ತೆ ಅದನ್ನು ಜಜ್ಜಿ ಜೇನುತುಪ್ಪದಲ್ಲಿ ಕಲಸಿ ಬೆಳಿಗ್ಗೆ ಏಳಕ್ಕೆ ಕೊಡುತ್ತಾರೆ. ಬೆಳಿಗ್ಗೆ ಗೊಂಬೆ ಹಾಗೆ ಕೂತಿರುತ್ತಾನೆ, ಊಟದ ಬೆಲ್ಲಿನ ಹೊತ್ತಿಗೆ ಜಗಳ ಶುರು ಎನ್ನುತ್ತಾರೆ ಮೇಷ್ಟ್ರು. ಊಟ ಸೇರುವುದಿಲ್ಲ. ಸಂಜೆ ತಂಗಿಗೆ ಹೊಡೆಯುತ್ತಾನೆ, ‘ನಾನು ಸತ್ತೋಗ್ತೀನಿ’ ಅಂತಾನೆ. ಮಾತ್ರೆ ನಿಲ್ಲಿಸಿ ಹಾಸ್ಟೆಲಿಗೆ ಹಾಕೋಣ ಅಂತ ಮನೆಯಲ್ಲಿ ಮಾತು. ಏನು ಮಾಡಲಿ?

ಉತ್ತರ: ತಂಗೀ, ಮೊದಲು ‘ಸತ್ತೋಗ್ತೀನಿ’ ಅನ್ನುವ ಮಾತು. ಹುಡುಗ ಸಿಟ್ಟಿನಲ್ಲಿ ಅಂದದ್ದು ಅಂತ ಬಿಡಬೇಡಿ. ಅವನು ಸಮಾಧಾನವಾಗಿರುವಾಗ ಪಕ್ಕದಲ್ಲಿ ಕೂತು, ‘ಹಾಗಂದ್ಯಲ್ಲ, ಸಾಯಬೇಕು ಅಂತ ಅನ್ಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವ ಭಯ ಬೇಡ. ತೋಟದ ಔಷಧಿ, ಮೈಲುತುತ್ತ, ಮನೆಯವರೆಲ್ಲರ ಮಾತ್ರೆ ಡಬ್ಬಿ ಇವತ್ತೇ ಬೀಗದೊಳಗೆ ಹೋಗಲಿ, ಕೀ ದೊಡ್ಡವರೊಬ್ಬರ ಹತ್ತಿರ ಇರಲಿ. ಡಾಕ್ಟರಿಗೂ ಮುಂದಿನ ತಾರೀಖು ಕಾಯದೆ ಇವತ್ತೇ ತಿಳಿಸಿ. ಹೇಗೆ ಸಾಯುತ್ತೇನೆ ಅಂತ ಹೇಳಿದರೆ ಅಥವಾ ಏನಾದರೂ ಮಾಡಿಕೊಳ್ಳಲು ಹೋದರೆ ಒಬ್ಬನನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಾತ್ರಿ ನಿಮಗೆ ಕೈಕಾಲು ಆಡದ ಹಾಗಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಆ ಜೇನುತುಪ್ಪ. ನಿಮ್ಮ ಪತ್ರದ ಗಂಟು ಇರುವುದು ಅಲ್ಲೇ. ಎಸ್‌ಆರ್ ಅಂದರೆ ಔಷಧಿ ನಿಧಾನವಾಗಿ ಬಿಡುವ ಮಾತ್ರೆ. ಇಡಿಯಾಗಿ ನುಂಗಿದರೆ ಹೆಚ್ಚುಕಡಿಮೆ ಶಾಲೆ ಮುಗಿಯುವವರೆಗೆ ಸ್ವಲ್ಪಸ್ವಲ್ಪವೇ ರಕ್ತಕ್ಕೆ ಸೇರುತ್ತದೆ. ಜಜ್ಜಿದರೆ ದಿನವಿಡೀ ಬರಬೇಕಾದದ್ದು ಒಂದೇ ಸಲ ಬರುತ್ತದೆ. ಬೆಳಿಗ್ಗೆ ಡೋಸು ಜಾಸ್ತಿಯಾಗಿ ಮಗು ಗೊಂಬೆಯಾಗುತ್ತದೆ, ಕೊಟ್ಟ ನಾಲ್ಕೈದು ಗಂಟೆಯೊಳಗೆ ಔಷಧಿ ಇಳಿದುಹೋಗುತ್ತದೆ. ಇಳಿಯುವಾಗ ಕೆಲವು ಮಕ್ಕಳಲ್ಲಿ ಸಿಟ್ಟು, ಅಳು, ಚಡಪಡಿಕೆ ಮೊದಲಿಗಿಂತ ಜಾಸ್ತಿ ಕಾಣುತ್ತದೆ. ನೀವು ಬರೆದ ಹೊತ್ತುಗಳು ಇದಕ್ಕೆ ಸರಿಯಾಗಿ ತಾಳೆಯಾಗುತ್ತವೆ. ಅತ್ತೆಯನ್ನು ದೂರಬೇಡಿ, ಪ್ರೀತಿಯಿಂದಲೇ ಮಾಡಿದ್ದಾರೆ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಇಷ್ಟು ದಿನ ಜಜ್ಜಿ ಕೊಟ್ಟಿದ್ದೇವೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ, ನುಂಗುವುದು ಕಲಿಯುವವರೆಗೆ ಏನು ಕೊಡಲಿ ಎಂದು ಕೇಳಿ. ಬಿಡಿಸಿ ಕೊಡಬಹುದಾದ ಕ್ಯಾಪ್ಸೂಲ್‌ಗಳೂ ಇವೆ, ಆದರೆ ಎಲ್ಲ ಕ್ಯಾಪ್ಸೂಲೂ ಹಾಗಲ್ಲ. ಡೋಸನ್ನು ನೀವಾಗಿ ಅರ್ಧ ಮಾಡುವುದು, ನಿಲ್ಲಿಸುವುದು ಬೇಡ.

ನುಂಗುವುದನ್ನು ಕಲಿಸಬಹುದು. ಬೆಂದ ಸಬ್ಬಕ್ಕಿಯ ಒಂದು ಕಾಳನ್ನು ನಾಲಿಗೆಯ ನಡುವೆ ಇಟ್ಟು, ಒಂದು ಗುಟುಕು ನೀರಿನ ಜೊತೆ ಅಗಿಯದೆ ನುಂಗಲಿ. ನಾಲ್ಕು ದಿನ ಅದು ಸಲೀಸಾದರೆ ಎರಡು ಕಾಳಿನಷ್ಟು, ಆಮೇಲೆ ಮಾತ್ರೆ ಗಾತ್ರದ ಮೆತ್ತನೆ ಬಾಳೆಹಣ್ಣಿನ ಚೂರು. ತಲೆ ನೆಟ್ಟಗಿರಲಿ, ಹಿಂದಕ್ಕೆ ಎತ್ತಿದರೆ ಗಂಟಲು ಬಿಗಿಯುತ್ತದೆ. ದಿನಕ್ಕೆ ಐದು ನಿಮಿಷ ಸಾಕು. ಸಿಟ್ಟಿನಲ್ಲಿರುವಾಗ ಬೇಡವೇ ಬೇಡ.

ಊಟ ಸೇರದಿರುವುದು ಈ ಔಷಧಿಯ ಗುಣ. ಹಸಿವು ಸಾಯುವುದು ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ, ಹಾಗಾಗಿ ತಿನ್ನಿಸುವುದನ್ನು ಅದರ ಆಚೀಚೆ ಇಡಿ. ಮೊದಲು ತುಪ್ಪ ಹಚ್ಚಿದ ಎರಡು ಅಕ್ಕಿರೊಟ್ಟಿ, ಒಂದು ಮೊಟ್ಟೆ ಅಥವಾ ಕಾಳಿನ ಪಲ್ಯ, ಹಾಲು, ಆಮೇಲೆ ಮಾತ್ರೆ. ಮಧ್ಯಾಹ್ನ ನಾಲ್ಕು ತುತ್ತು ತಿಂದರೆ ಜಗಳ ಆಡಬೇಡಿ. ಬಸ್ಸಿಳಿದು ಬಂದವನಿಗೆ ಜಗಲಿಯಲ್ಲೇ ತಿಂಡಿ ಕೊಡಿ, ‘ಹೋಂವರ್ಕ್ ಎಲ್ಲಿ’ ಎಂಬ ಮಾತು ಅದಕ್ಕಿಂತ ಮೊದಲು ಬರಬಾರದು. ಖಾಲಿ ಹೊಟ್ಟೆ, ಬಸ್ಸಿನ ಸುಸ್ತು, ಇಳಿಯುತ್ತಿರುವ ಮಾತ್ರೆ ಮೂರೂ ಕೂಡಿದರೆ ದೊಡ್ಡವರಿಗೇ ತಾಳ್ಮೆ ಇರುವುದಿಲ್ಲ. ತೂಕ, ಎತ್ತರ, ನಾಡಿ, ಬಿಪಿ ಯಾವಾಗ ನೋಡಬೇಕು ಎಂದು ಡಾಕ್ಟರನ್ನೇ ಕೇಳಿ ಬರೆದುಕೊಳ್ಳಿ. ಎದೆನೋವು, ತಲೆಸುತ್ತಿ ಬೀಳುವುದು, ಇಲ್ಲದ್ದು ಕಾಣುವುದು ಅಥವಾ ಕೇಳುವುದು ಆದರೆ ತಡಮಾಡಬೇಡಿ.

ಡಿಎಂಡಿಡಿ ‘ಇರಬಹುದು’ ಅಂದಿದ್ದಾರೆ ಅಲ್ಲವೇ, ಆ ‘ಬಹುದು’ ಮುಖ್ಯ. ಅದನ್ನು ನಿಶ್ಚಯ ಮಾಡಲು ವಾರಕ್ಕೆ ಸರಾಸರಿ ಮೂರು ಸಲ ಅಥವಾ ಹೆಚ್ಚು ರಂಪ, ಅದರ ನಡುವೆಯೂ ಹೆಚ್ಚುಕಡಿಮೆ ದಿನವಿಡೀ ಸಿಡಿಮಿಡಿ, ಇದೆಲ್ಲ ಕನಿಷ್ಠ ಒಂದು ವರ್ಷದಿಂದ, ಮನೆ, ಶಾಲೆ, ಗೆಳೆಯರ ಜೊತೆ ಈ ಮೂರರಲ್ಲಿ ಎರಡು ಕಡೆಯಾದರೂ ಕಾಣಬೇಕು. ಮಾತ್ರೆ ಇಳಿಯುವಾಗ ಬರುವ ಸಿಟ್ಟನ್ನು ಇದರ ಲೆಕ್ಕಕ್ಕೆ ಸೇರಿಸಿಬಿಟ್ಟರೆ ಬೇಡದ ಇನ್ನೊಂದು ಮಾತ್ರೆ ಸೇರಿಕೊಂಡೀತು. ಅದಕ್ಕೆ ಒಂದು ನೂರು ಪುಟದ ನೋಟ್‌ಬುಕ್ ಇಡಿ: ಮಾತ್ರೆ ಕೊಟ್ಟ ಹೊತ್ತು, ತಿಂದದ್ದು, ರಂಪ ಶುರುವಾದ ಹೊತ್ತು, ಅದಕ್ಕೆ ಮುಂಚೆ ಯಾರು ಏನಂದರು, ಎಷ್ಟು ನಿಮಿಷ, ಮಲಗಿದ್ದು ಯಾವಾಗ. ಮಾತ್ರೆಗೆ ಮುಂಚಿನ ದಿನಗಳಲ್ಲಿ ಹೇಗಿದ್ದ ಎಂದೂ ನೆನಪಿದ್ದಷ್ಟು ಬರೆಯಿರಿ. ಎರಡು ವಾರದ ಈ ಲೆಕ್ಕ ಡಾಕ್ಟರಿಗೆ ಬಹಳ ಕೆಲಸಕ್ಕೆ ಬರುತ್ತದೆ.

ಕೂಡುಕುಟುಂಬದಲ್ಲಿ ಕಷ್ಟವಾಗುವುದು ಒಂದೇ: ರಂಪ ಶುರುವಾದ ಕೂಡಲೇ ಐದು ಜನ ಐದು ಮಾತಾಡುತ್ತಾರೆ. ಆ ಹೊತ್ತಿಗೆ ಒಬ್ಬರೇ ಮಾತಾಡಲಿ, ಅದೂ ಕಡಿಮೆ. ತಂಗಿಯನ್ನು ಇನ್ನೊಬ್ಬರು ಹಿತ್ತಲಿಗೆ ಕರೆದೊಯ್ಯಲಿ. ಬುದ್ಧಿ ಹೇಳುವುದು ಅವನು ತಣ್ಣಗಾದ ಮೇಲೆ. ಹೊಡೆತ ಬೇಡ, ಸಿಟ್ಟಿನ ಮಗು ಅದರಿಂದ ಕಲಿಯುವುದು ಹೊಡೆಯುವುದನ್ನೇ. ‘ಕೈಕಾಲು ತೊಳ್ಕೊಂಡು ಬಟ್ಟೆ ಬದಲಾಯ್ಸಿ ಮಗ್ಗಿ ಬರಿ’ ಅಂದರೆ ಅವನ ತಲೆಯಲ್ಲಿ ನಿಲ್ಲುವುದು ಮೊದಲನೆಯದು ಮಾತ್ರ. ಹತ್ತಿರ ಹೋಗಿ, ಹೆಸರು ಕರೆದು, ಒಂದೊಂದೇ ಹೇಳಿ. ಮಾಡಿದ ತಕ್ಷಣ ‘ಹೇಳಿದ ಕೂಡ್ಲೇ ಮಾಡಿದ್ಯಲ್ಲ’ ಅನ್ನಿ. ಹೋಂವರ್ಕ್ ಹತ್ತು ಹದಿನೈದು ನಿಮಿಷ, ನಡುವೆ ಕೊಟ್ಟಿಗೆಗೆ ಹುಲ್ಲು ಹೊರುವಂಥ ಮೈಬಗ್ಗಿಸುವ ಕೆಲಸ. ಅಡಿಕೆ ಸುಲಿಯುವ ದಿನಗಳಲ್ಲಿ ಮಾತ್ರ ಮೆಟ್ಟುಗತ್ತಿ, ಬೇಯಿಸುವ ಹಂಡೆಯ ಹತ್ತಿರ ಇವನು ಸುಳಿಯಬಾರದು, ಕೈ ಮುಂದೆ ಹೋದ ಮೇಲೆ ಯೋಚನೆ ಬರುವ ಮಗು ಇದು.

ಹಾಸ್ಟೆಲಿಗೆ ಈಗ ಕಳಿಸಬೇಡಿ. ಸಾಯುವ ಮಾತಾಡುವ, ಔಷಧಿ ಇನ್ನೂ ಹೊಂದದ ಮಗುವನ್ನು ನೂರು ಮಕ್ಕಳ ನಡುವೆ ಯಾರು ಗಮನಿಸುತ್ತಾರೆ? ಮೇಷ್ಟ್ರಿಗೆ ವಿಷಯ ಹೇಳಿ, ಮುಂದಿನ ಬೆಂಚು ಕೇಳಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಯಜಮಾನರನ್ನೂ ಅತ್ತೆಯನ್ನೂ ಕರೆದುಕೊಂಡು ಹೋಗಿ, ಜಜ್ಜಬಾರದು ಅನ್ನುವುದನ್ನು ಡಾಕ್ಟರ ಬಾಯಿಂದಲೇ ಕೇಳಲಿ. ಈ ಮಾತ್ರೆಯ ಮೇಲೆ ಸರ್ಕಾರದ ಬಿಗಿ ನಿಯಮಗಳಿವೆ, ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಇಟ್ಟಿರುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಬಸ್ಸು ನಿಲ್ಲುವ ಊರು ನಿಮ್ಮದು, ಮುಗಿಯಲು ಒಂದು ವಾರ ಇರುವಾಗಲೇ ಚೀಟಿ ಹಿಡಿದು ಹೊರಡಿ.