ಚೌಕಾಬಾರ, ಹಾವು-ಏಣಿ ಆಟಗಳಿಗೆ ಆಧ್ಯಾತ್ಮಿಕ ಅರ್ಥ ಇದೆಯಾ, ಇಲ್ಲ ಸುಮ್ನೆ ಹೇಳ್ತಾರಾ?

ಎಲ್ಲ ಆಟಕ್ಕೂ ಇಲ್ಲ. ಹಾವು-ಏಣಿಗೆ ಖಂಡಿತ ಇದೆ. ಅದರ ಹಳೆಯ ರೂಪ ಪರಮಪದ ಸೋಪಾನ ಪಟ. ಅಲ್ಲಿ ಏಣಿ ಅಂದರೆ ಒಳ್ಳೆಯ ಗುಣ, ಹಾವು ಅಂದರೆ ಕೆಟ್ಟ ಗುಣ, ಮೇಲ್ತುದಿಯಲ್ಲಿ ವೈಕುಂಠ. ವೈಕುಂಠ ಏಕಾದಶಿಯ ಜಾಗರಣೆಗೆ ಇದನ್ನು ಆಡುವ ರೂಢಿ ಇದೆ. ನಿದ್ದೆ ಬರದಿರಲಿ ಅಂತಲೂ ಇರಬಹುದು ಬಿಡಿ!

ಚೌಕಾಬಾರದ ವಿಷಯ ಬೇರೆ. ನಮ್ಮ ಮೈಸೂರು, ಮಂಡ್ಯ ಕಡೆ ಜಗುಲಿ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ನಾಲ್ಕು ಕವಡೆ ಹಿಡಿದು ಕೂತರೆ ಆಯ್ತು. ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತಿಗೆ ತಿರುಗಿ, ನಡುಮನೆ ಸೇರಬೇಕು. ಸೇರಿದರೆ 'ಹಣ್ಣಾಯ್ತು' ಅಂತೀವಿ. ಕಾಯಿ ಮಾಗಿ ಹಣ್ಣಾಗೋದು! ಇಷ್ಟು ಚೆಂದದ ಮಾತು ಸಿಕ್ಕಿದ ಮೇಲೆ ಜೀವ ಹೊರಗಿನಿಂದ ಒಳಗೆ ಹೋಗುತ್ತೆ ಅಂತ ಅರ್ಥ ಹೇಳೋದು ಸುಲಭ, ಅಲ್ವಾ? ಆದರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಬಿಡೋದಿಲ್ಲ. ಅದಕ್ಕೆ ಯಾವ ವೇದಾಂತ ಹೇಳ್ತೀರಿ? ನನ್ನ ಪ್ರಕಾರ ಇಲ್ಲಿ ಆಟ ಮೊದಲು, ಅರ್ಥ ಆಮೇಲೆ ಬಂದದ್ದು.

ಆಟವನ್ನು ಭಕ್ತಿಯಷ್ಟೇ ಗಂಭೀರವಾಗಿ ತೆಗೆದುಕೊಂಡವರು ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868). ಅವರ ಶ್ರೀತತ್ತ್ವನಿಧಿ ಅನ್ನುವ ಗ್ರಂಥದಲ್ಲಿ ದೇವರ ರೂಪ, ಧ್ಯಾನಗಳ ಜೊತೆಗೆ ಆಟಗಳಿಗೇ ಕೌತುಕನಿಧಿ ಅನ್ನುವ ಭಾಗ ಇದೆ. ಮೈಸೂರಿನಲ್ಲಿದ್ದರೆ ಜಗನ್ಮೋಹನ ಅರಮನೆಗೆ ಹೋದಾಗ ಗೋಡೆಗಳ ಮೇಲಿನ ಆಟದ ಚಿತ್ರಗಳನ್ನು ನೋಡಿ.